ಟೊಮ್ಯಾಟೊ ಹೊಲಕ್ಕೆ ಸೆನ್ಸರ್ ಎಲ್ಲೆಲ್ಲಿ ಇಡೋದು? ಮಾಡಿರೋರು ಹೇಳಿ

ಕೋಲಾರದಲ್ಲಿ ಬಿಇ ಕೊನೇ ವರ್ಷ ಓದ್ತಿದೀನಿ. ನಮ್ಮ ಟೊಮ್ಯಾಟೊ ಹೊಲದಲ್ಲಿ 50ಕ್ಕೆ 50 ಮೀಟರ್ ಜಾಗ, ಮಣ್ಣಿನ ತೇವ ನೋಡಕ್ಕೆ 30 ವೈರ್‌ಲೆಸ್ ನೋಡ್ (ಸೆನ್ಸರ್ ಪೆಟ್ಟಿಗೆ), ಒಂದೊಂದ್ರ ರೇಂಜ್ 5 ಮೀಟರ್ ಅಂತ ಇಟ್ಕೊಂಡು ಪಿಎಸ್‌ಒ ಓಡಿಸ್ತಿದೀನಿ (ಹಕ್ಕಿ ಹಿಂಡಿನ ಥರ ತುಂಬಾ 'ಕಣ' ಸೇರಿ ಒಳ್ಳೆ ಉತ್ತರ ಹುಡುಕೋ ಅಲ್ಗಾರಿದಮ್; ಇಲ್ಲಿ ಒಂದು ಕಣ ಅಂದ್ರೆ 30 ನೋಡ್‌ನ ಒಂದು ಪೂರ್ತಿ ಜೋಡಣೆ). ಎಷ್ಟು ಸಲ ಓಡಿಸಿದ್ರೂ ಕವರೇಜ್ (ಯಾವುದಾದ್ರೂ ನೋಡ್‌ನ ರೇಂಜ್ ಒಳಗೆ ಬರೋ ಜಾಗ) 75 ಪರ್ಸೆಂಟ್ ಹತ್ರಾನೇ ನಿಂತೋಗುತ್ತೆ, ಗೈಡ್ 98 ಬರ್ಲೇಬೇಕು ಅಂತಾರೆ. ಪಿಎಸ್‌ಒ ಬಿಟ್ಟು ಗ್ರೇ ವುಲ್ಫ್ (ತೋಳ) ಅಲ್ಗಾರಿದಮ್‌ಗೆ ಹೋಗ್ಲಾ, ತಿಮಿಂಗಿಲದ ಅಲ್ಗಾರಿದಮ್‌ಗೆ ಹೋಗ್ಲಾ?

— ಮೊದ್ಲು ಕ್ಯಾಲ್ಕುಲೇಟರ್ ತಗೊಳಪ್ಪಾ. 5 ಮೀಟರ್ ವೃತ್ತ ಅಂದ್ರೆ 78.5 ಚದರ ಮೀಟರ್, 30 ಸೇರಿದ್ರೆ 2356. ನಿನ್ನ ಜಾಗ 2500, ಹೆಚ್ಚೂಕಮ್ಮಿ 25 ಗುಂಟೆ. ಒಂದ್ರ ಮೇಲೊಂದು ಬೀಳದಂಗೆ ಜೋಡ್ಸಿದ್ರೂ 94 ದಾಟಲ್ಲ, ಸಂದಿ ಬೇರೆ ಉಳಿಯುತ್ತೆ. ಸಂದಿ ಇಲ್ದಂಗೆ ಮುಚ್ಬೇಕಂದ್ರೆ ಒಂದು ನೋಡ್ ಪಾಲಿಗೆ ಬರೋದು ಒಳಗಿನ ಷಟ್ಕೋನ ಮಾತ್ರ, ಸುಮಾರು 65, ಅಲ್ಲಿಗೆ ಪೂರ್ತಿ ಮುಚ್ಚಕ್ಕೆ ಕಡಿಮೆ ಅಂದ್ರೂ 39 ನೋಡ್ ಬೇಕು, ಅಂಚಿಗೆ ಇನ್ನೂ ಒಂದಷ್ಟು. ತೋಳ ತಂದ್ರೂ ತಿಮಿಂಗಿಲ ತಂದ್ರೂ ಈ ಲೆಕ್ಕ ಬದಲಾಗಲ್ಲ.

— ಲೆಕ್ಕ ಸರಿ, ಆದ್ರೂ 75 ಕಮ್ಮೀನೇ. 30 ನೋಡ್‌ಗೆ ಎಕ್ಸ್ ವೈ ಸೇರಿ 60 ವೇರಿಯಬಲ್, ಕಣಗಳೆಲ್ಲ ಬೇಗ ಒಂದೇ ಕಡೆ ಗುಂಪಾಗ್ಬಿಡ್ತವೆ, ನಂಗೂ ಹಂಗೇ ಆಗಿತ್ತು. ಇನರ್ಷಿಯಾ ವೆಯ್ಟ್ (ಕಣ ತನ್ನ ಹಳೇ ದಿಕ್ಕಲ್ಲೇ ಎಷ್ಟು ಮುಂದುವರಿಯುತ್ತೆ ಅನ್ನೋದು) 0.9ರಿಂದ 0.4ಕ್ಕೆ ನಿಧಾನಕ್ಕೆ ಇಳಿಸ್ದೆ, ವೆಲಾಸಿಟಿಗೆ, ಅಂದ್ರೆ ಕಣ ಒಂದ್ಸಲಕ್ಕೆ ಜರುಗೋ ದೂರಕ್ಕೆ, ಮಿತಿ ಹಾಕ್ದೆ, ಶುರುವಲ್ಲೇ ಒಂದು ಕಣಕ್ಕೆ ತ್ರಿಕೋನ ಜೋಡಣೆ ಕೊಟ್ಟೆ, ಆಮೇಲೇ ಮೇಲಕ್ಕೆ ಹೋಗಿದ್ದು. ಇನ್ನೊಂದು, ಚೆನ್ನಾಗಿ ಬಂದ ಒಂದು ನಂಬರ್ ಎತ್ಕೊಂಡು ರಿಪೋರ್ಟ್‌ಗೆ ಹಾಕ್ಬೇಡ, 30 ಸಲ ಓಡ್ಸಿ ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಶನ್ ಎರಡೂ ಬರಿ, ವೈವಾದಲ್ಲಿ ನನ್ನ ಹಿಡ್ಕೊಂಡಿದ್ದೇ ಅಲ್ಲಿ.

— ಶ್ರೀನಿವಾಸಪುರದ ಕಡೆ ಮಾವಿನ ತೋಟ ನಮ್ದು. ಅಲ್ಗಾರಿದಮ್ ನಂಗೆ ಗೊತ್ತಿಲ್ಲ, ಸೆನ್ಸರ್ ಹೂತು ಗೊತ್ತು. ತೇವ ನೋಡೋ ಸೆನ್ಸರ್‌ಗೆ 5 ಮೀಟರ್ ಎಲ್ಲಿಂದ ಬಂತು ತಮ್ಮಾ? ಕಡ್ಡಿ ಸುತ್ತ ನಾಲ್ಕು ಬೆರಳು ಮಣ್ಣು, ಅಷ್ಟೇ ಅದಕ್ಕೆ ತಿಳಿಯೋದು. ಡ್ರಿಪ್ ತೊಟ್ಟಿಕ್ಕೋ ಕಡೆ ಇಟ್ರೆ ಒಂದು ತೋರಿಸುತ್ತೆ, ಒಂದಡಿ ಆಚೆ ಇಟ್ರೆ ಇನ್ನೊಂದು. ನಾನು ಕೆಂಪು ಮಣ್ಣು ಎಲ್ಲಿದೆ, ಗರಸು ಎಲ್ಲಿದೆ, ತಗ್ಗು ಎಲ್ಲಿದೆ ನೋಡ್ಕೊಂಡು ವಾಲ್ವ್‌ಗೊಂದು ಅಂತ ನಾಲ್ಕೇ ಹಾಕಿರೋದು. ಟೊಮ್ಯಾಟೊ ಕಳ್ಳರನ್ನ ಹಿಡಿಯೋ ಮೋಷನ್ ಸೆನ್ಸರ್ ಆಗಿದ್ರೆ 5 ಮೀಟರ್ ಒಪ್ತಿದ್ದೆ, ಅದೂ ಸುತ್ತ ನೋಡಲ್ಲ, ಮುಂದಕ್ಕೆ ಮಾತ್ರ.

— ಅಣ್ಣಾ, ನಿಜ ಹೇಳ್ತೀನಿ, ಆ 5 ಮೀಟರ್ ಯಾವುದೋ ಪೇಪರ್‌ನಿಂದ ಎತ್ತಿದ್ದು. ಕಳ್ಳರ ಐಡಿಯಾ ಚೆನ್ನಾಗಿದೆ, 2023ರಲ್ಲಿ ರೇಟ್ ಏರಿದಾಗ ನಮ್ಮಪ್ಪ ಹೊಲದಲ್ಲೇ ಮಲಗ್ತಿದ್ರು. ಆದ್ರೆ ಯಾವ ಕಡೆ ಮುಖ ಮಾಡ್ಬೇಕು ಅನ್ನೋದೂ ಸೇರಿದ್ರೆ ವೇರಿಯಬಲ್ 90 ಆಯ್ತಲ್ಲಾ!