ಮ್ಯಾಂಚೆಸ್ಟರ್‌ನಿಂದ ಒಂದು ದಿನದ ಜಿಯೋಕ್ಯಾಶಿಂಗ್‌ಗೆ (ಜಿಪಿಎಸ್ ನೋಡ್ಕೊಂಡು ಬಚ್ಚಿಟ್ಟ ಡಬ್ಬಿ ಹುಡುಕೋ ಆಟ) ಯಾವ ಟ್ರೇಲ್?

ಚಾರಣಹುಚ್ಚು: ಶನಿವಾರ ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳ ಕಡೆ ಹೋಗೋಣ ಅಂತಿದೀವಿ, ಜೊತೆಗೆ 8 ವರ್ಷದ ಮಗಳು, ವ್ಯೂ ಚೆನ್ನಾಗಿರ್ಬೇಕು, ನಾಲ್ಕೈದು ಡಬ್ಬಿನಾದ್ರೂ ಸಿಗ್ಬೇಕು, ಕಾರಿಲ್ಲ. ಎಲ್ಲಿಗೆ ಹೋಗ್ಲಿ?

ಮಳೆಕೋಟು: ಟ್ರೈನಲ್ಲಿ ಹೋಗಿ ಹೋಪ್ ಅನ್ನೋ ಊರಲ್ಲಿ ಇಳೀರಿ, ಲೂಸ್ ಹಿಲ್ (ಹೆಸ್ರೇ ಹಂಗೆ, ನಗ್ಬೇಡಿ) ಹತ್ತಿ ರಿಡ್ಜ್ ಮೇಲೇ ನಡ್ಕೊಂಡು 517 ಮೀಟರ್ ಎತ್ತರದ ಮ್ಯಾಮ್ ಟಾರ್‌ಗೆ ಹೋಗಿ, ಆಮೇಲೆ ಈಡೇಲ್‌ಗೆ ಇಳಿದ್ರೆ ಅಲ್ಲೂ ಸ್ಟೇಷನ್ ಇದೆ. ಎರಡೂ ಕಡೆ ಕಣಿವೆ ಕಾಣತ್ತೆ, ಆದ್ರೆ ಗಾಳಿ ಟೋಪಿನೇ ಹಾರಿಸ್ಬಿಡತ್ತೆ.

ಡಬ್ಬಿಬೇಟೆ: ಮಗಳಿದ್ರೆ ಜಿಯೋಕ್ಯಾಶಿಂಗ್ ಆ್ಯಪಲ್ಲಿ ಡಿಫಿಕಲ್ಟಿ (ಡಬ್ಬಿ ಹುಡುಕೋದು ಎಷ್ಟು ಕಷ್ಟ ಅನ್ನೋ ಅಂಕ) 2 ದಾಟ್ಬೇಡಿ, ಮ್ಯಾಪ್ ಮನೇಲೇ ಡೌನ್‌ಲೋಡ್ ಮಾಡ್ಕೊಳ್ಳಿ. ಡಬ್ಬಿ ಹುಡುಕ್ತಾ ಕಲ್ಲಿನ ಗೋಡೆ ಮಾತ್ರ ಕೀಳ್ಬೇಡಿ. ಪೆನ್ ಮರೀಬೇಡಿ ಮಾರಾಯ್ರೆ, ನಾನೊಂದ್ಸಲ ಬ್ಲ್ಯಾಕ್‌ಬೆರಿ ಹಣ್ಣಿನ ರಸದಲ್ಲಿ ಡಬ್ಬಿಯೊಳಗಿನ ಲಾಗ್‌ಬುಕ್‌ಗೆ ಸೈನ್ ಮಾಡಿದೀನಿ!

ಚಾರಣಹುಚ್ಚು: ಹಹ ಸರಿ, ಹೋಪ್ ಫಿಕ್ಸ್. ಪುಳಿಯೋಗರೆ ಕಟ್ಕೊಂಡ್ ಹೋಗ್ತೀವಿ.