‘ಆರಾಧನೆ ಮುಗಿಯಿತು, ಇನ್ನು ವಾಕ್ಯ’: ಒಂದು ಬಳಕೆ, ಕೆಲವು ಪ್ರಶ್ನೆಗಳು

ಪದಾಸಕ್ತರೇ,

ಕ್ರೈಸ್ತ ಕೂಟಗಳ ಕನ್ನಡದಲ್ಲಿ ಈಗ ಚಾಲ್ತಿಯಲ್ಲಿರುವ ಒಂದು ಬಳಕೆಯ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ. ಮೊದಲ ಭಾಗದಲ್ಲಿ ಹಾಡುತ್ತಾರೆ. ಹಾಡು ನಿಂತ ಮೇಲೆ ಕೂಟ ನಡೆಸುವವರು ‘ಆರಾಧನೆ ಮುಗಿಯಿತು, ಇನ್ನು ವಾಕ್ಯ’ ಎನ್ನುತ್ತಾರೆ. ಇಲ್ಲಿ ‘ಆರಾಧನೆ’ ಎಂದರೆ ಹಾಡು; ‘ವಾಕ್ಯ’ ಎಂದರೆ ಬೈಬಲ್ ಓದಿ ಮಾಡುವ ಪ್ರಸಂಗ. ‘ಆರಾಧನಾ ನಾಯಕ’ ಎಂದರೆ ಮುಖ್ಯ ಗಾಯಕ. ಪಠಣ, ಪ್ರಾರ್ಥನೆ, ಪ್ರಸಂಗ, ರೊಟ್ಟಿ ಮುರಿಯುವ ಸಂಸ್ಕಾರ ಎಲ್ಲವನ್ನೂ ಒಳಗೊಳ್ಳುತ್ತಿದ್ದ ಪದ ಅವುಗಳ ಪಕ್ಕದ ಒಂದೇ ಅಂಶಕ್ಕೆ ಕುಗ್ಗಿದೆ. ಇಂಗ್ಲಿಷಿನ ‘ವರ್ಷಿಪ್’ ಪದಕ್ಕೂ ಇದೇ ಗತಿಯಾಗಿದೆ.

ಅರ್ಥ ಕುಗ್ಗುವುದು ಭಾಷೆಯಲ್ಲಿ ಹೊಸತೇನೂ ಅಲ್ಲ, ಅದಕ್ಕಾಗಿ ದೂರು ಕೊಡಲು ಬಂದಿಲ್ಲ. ನನ್ನ ತಕರಾರು ಬೇರೆ. ಆರಾಧನೆಯಲ್ಲಿ ಧರ್ಮಗ್ರಂಥಕ್ಕೆ ಎಷ್ಟು ಪಾಲು, ಭಾವಕ್ಕೆ ಎಷ್ಟು ಪಾಲು ಎಂಬುದು ಶತಮಾನಗಳ ಚರ್ಚೆ. ಈ ಬಳಕೆ ಅದನ್ನು ಚರ್ಚಿಸದೆಯೇ ಮುಗಿಸಿಬಿಡುತ್ತದೆ. ಹಾಡಿನ ಹೊತ್ತು ಭಾವದ್ದು, ಅದೇ ಆರಾಧನೆ. ವಾಕ್ಯದ ಹೊತ್ತು ಬುದ್ಧಿಯದು, ಅದು ಪಾಠ. ಹೀಗೆ ವಿಂಗಡಿಸಿದ ಮೇಲೆ ಗ್ರಂಥ ಓದುವಾಗ ಕಣ್ಣು ತುಂಬಿದವನನ್ನು ಯಾವ ಕಡೆ ಕೂರಿಸುವುದು?

ಇಂಥ ಪ್ರಸಂಗ ಬೈಬಲಿನಲ್ಲೇ ಇದೆ. ನೆಹೆಮೀಯನ ಗ್ರಂಥದ 8ನೆಯ ಅಧ್ಯಾಯದಲ್ಲಿ ಶಾಸ್ತ್ರಜ್ಞನಾದ ಎಜ್ರನು ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದುತ್ತಾನೆ, ದೇವಾಲಯದ ಸೇವಕರಾದ ಲೇವಿಯರು ಅರ್ಥ ಬಿಡಿಸಿ ಹೇಳುತ್ತಾರೆ. ಕೇಳಿದ ಜನ ಅಳುತ್ತಾರೆ. ಅಳಬೇಡಿ, ಹೋಗಿ ಉಂಡು ಸಂತೋಷಪಡಿ ಎಂದು ಅವರನ್ನು ಕಳುಹಿಸಲಾಗುತ್ತದೆ, ಅವರು ಸಂಭ್ರಮಿಸುತ್ತಾರೆ. ಏಕೆ? ತಮಗೆ ಹೇಳಿದ ಮಾತು ಅರ್ಥವಾಯಿತು ಎಂಬ ಕಾರಣಕ್ಕೆ. ಅಳುವೂ ನಗುವೂ ಇಲ್ಲಿ ಓದಿನಿಂದಲೇ ಹುಟ್ಟಿವೆ.

ಮೂಲಭಾಷೆಗಳ ಪದಗಳೂ ಹಾಡಿನ ಕಡೆಗೆ ಕೈ ತೋರಿಸುವುದಿಲ್ಲ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಆರಾಧನೆಗೆ ಹೆಚ್ಚಾಗಿ ಬರುವ ‘ಪ್ರೊಸ್ಕುನೆಓ’ ಎಂದರೆ ಅಡ್ಡಬೀಳು. ‘ಲಾತ್ರೇಯ’ ಎಂದರೆ ಸೇವೆ. ಒಂದು ಮೈಯ ಕ್ರಿಯೆ, ಇನ್ನೊಂದು ಊಳಿಗ. ಎರಡನೆಯ ಶತಮಾನದ ನಡುವೆ ರೋಮಿನಲ್ಲಿದ್ದ ಕ್ರೈಸ್ತ ಲೇಖಕ ಜಸ್ಟಿನ್ ಭಾನುವಾರದ ಕೂಟವನ್ನು ವರ್ಣಿಸುವಾಗ ಮೊದಲು ಹೇಳುವುದೇ ಓದನ್ನು: ಸಮಯವಿರುವಷ್ಟೂ ಹೊತ್ತು ಅಪೊಸ್ತಲರ ನೆನಪುಗಳನ್ನೋ ಪ್ರವಾದಿಗಳ ಬರಹಗಳನ್ನೋ ಓದುತ್ತಾರೆ, ಆಮೇಲೆ ಉಪದೇಶ, ಪ್ರಾರ್ಥನೆ, ರೊಟ್ಟಿ, ದ್ರಾಕ್ಷಾರಸ. ಹಾಗೆಂದು ಅವರು ಹಾಡುತ್ತಿರಲಿಲ್ಲ ಎಂದಲ್ಲ. ಇನ್ನೂ ಮೊದಲೇ, ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿ ಕ್ರೈಸ್ತರು ನಸುಕಿನಲ್ಲಿ ಸೇರಿ ಕ್ರಿಸ್ತನಿಗೆ ‘ಕಾರ್ಮೆನ್’ ಹೇಳುತ್ತಾರೆ ಎಂದಿದೆ. (ಅದು ಹಾಡೋ ಮಂತ್ರದಂಥ ಪಠಣವೋ ಎಂದು ಲ್ಯಾಟಿನ್ ಬಲ್ಲವರು ಇಂದಿಗೂ ಜಗಳವಾಡುತ್ತಾರೆ.)

ನಮ್ಮ ‘ಆರಾಧನೆ’ಯ ಒಳಗೂ ಒಮ್ಮೆ ಇಣುಕಬೇಕು. ಸಂಸ್ಕೃತದ ‘ರಾಧ್’ ಧಾತುವಿನಿಂದ ಬಂದ ಈ ಪದಕ್ಕೆ ಒಲಿಸಿಕೊಳ್ಳುವುದು, ಪ್ರಸನ್ನಗೊಳಿಸುವುದು ಎಂಬ ಅರ್ಥವಿದೆ. ಒಲಿಸಬೇಕಾದದ್ದು ದೇವರನ್ನು. ‘ಈ ದಿನದ ಆರಾಧನೆ ತುಂಬಾ ಚೆನ್ನಾಗಿತ್ತು’ ಎಂದು ನಾವು ಹೊರಗೆ ಬರುವಾಗ ಪ್ರಸನ್ನರಾದವರು ಯಾರು ಎಂದು ಕೇಳಿಕೊಂಡರೆ ವ್ಯಾಕರಣದ ಕರ್ಮಪದವೇ ಪಲ್ಲಟವಾಗಿರುವುದು ಕಾಣುತ್ತದೆ.

ಈಗ ಭಾವದ ಪದಗಳಿಗೆ ಬರುತ್ತೇನೆ. ನನಗೆ ನಿಜವಾದ ತೊಡಕು ಇರುವುದು ಇಲ್ಲಿ. ಬೈಬಲಿನ ಹೀಬ್ರೂವಿನ ‘ಲೇವ್’ ಪದವನ್ನು ನಾವು ಸಾಮಾನ್ಯವಾಗಿ ‘ಹೃದಯ’ ಎನ್ನುತ್ತೇವೆ. ಆದರೆ ‘ಲೇವ್’ ಯೋಚಿಸುತ್ತದೆ, ನಿಶ್ಚಯಿಸುತ್ತದೆ, ನೋಯುತ್ತದೆ. ಇಂದಿನ ಕನ್ನಡದ ‘ಹೃದಯ’ ನೋಯುವುದನ್ನೂ ಕರಗುವುದನ್ನೂ ಬಿಟ್ಟು ಹೆಚ್ಚಿನದೇನನ್ನೂ ಮಾಡುವುದಿಲ್ಲ. ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದಲ್ಲಿ ದೇವರನ್ನು ಪ್ರೀತಿಸಬೇಕಾದದ್ದು ಹೃದಯ, ಪ್ರಾಣ, ಬಲ ಎಂಬ ಮೂರರಿಂದ. ಅದೇ ಆಜ್ಞೆ ಮಾರ್ಕನ ಗ್ರೀಕ್ ಸುವಾರ್ತೆಗೆ ಬರುವಾಗ ‘ಬುದ್ಧಿ’ ಎಂಬ ನಾಲ್ಕನೆಯದೂ ಸೇರಿಕೊಂಡಿದೆ. ಹೀಬ್ರೂವಿನಲ್ಲಿ ಬುದ್ಧಿಗೆ ಬೇರೆ ಮನೆ ಕಟ್ಟುವ ಅಗತ್ಯ ಇರಲಿಲ್ಲ.

ಕನ್ನಡದಲ್ಲಿ ‘ಲೇವ್’ಗೆ ಹತ್ತಿರವಾದದ್ದು ‘ಮನಸ್ಸು’ ಎಂದು ನನ್ನ ವಾದ. ಮನಸ್ಸಿನಲ್ಲೇ ಲೆಕ್ಕ ಹಾಕುತ್ತೇವೆ, ಮನಸ್ಸು ಮಾಡಿದರೆ ಎದ್ದು ಹೊರಡುತ್ತೇವೆ, ಮನಸ್ಸು ನೊಂದರೆ ಮಾತು ಬಿಡುತ್ತೇವೆ. ವಿಚಾರ, ಸಂಕಲ್ಪ, ಭಾವ ಮೂರಕ್ಕೂ ಒಂದೇ ಪದ. ‘ಮನಸ್ಸಿಟ್ಟು ಹಾಡು’ ಎಂದರೆ ಭಾವವೂ ಬಂತು, ಅರ್ಥದ ಮೇಲಿನ ಗಮನವೂ ಬಂತು. ‘ಹೃದಯ ತುಂಬಿ ಹಾಡು’ ಎಂದರೆ ಎರಡನೆಯದು ಬಿಟ್ಟುಹೋಗುತ್ತದೆ.

‘ಭಾವ’ದಿಂದ ಹುಟ್ಟಿದ ಪದಗಳಲ್ಲಿ ಹೆಚ್ಚಿನವು ಬೈಗುಳದ ಅಂಚಿನಲ್ಲಿವೆ. ಭಾವುಕತೆ, ಭಾವೋದ್ರೇಕ, ಭಾವಾವೇಶ: ಯಾವುದನ್ನೂ ಹೊಗಳಿಕೆಯಾಗಿ ಬಳಸುವುದು ಸುಲಭವಲ್ಲ. ‘ಆವೇಶ’ದ ಕಥೆಯಂತೂ ಸೊಗಸಾಗಿದೆ. ಅದರ ಮೂಲಾರ್ಥ ಒಳಹೊಗುವುದು; ದೇವರು ಮೈಮೇಲೆ ಬರುವುದಕ್ಕೂ ಅದೇ ಪದ. ಗ್ರೀಕಿನ ‘ಎಂಥೂಸಿಯಾಸ್ಮೊಸ್’ ಕೂಡ ದೇವರು ಒಳಗಿರುವ ಸ್ಥಿತಿ. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೆಥಡಿಸ್ಟರೆಂಬ ಕ್ರೈಸ್ತ ಪಂಗಡದವರನ್ನು ಹಳಿಯಲು ಬಳಸಿದ ಅದರ ಇಂಗ್ಲಿಷ್ ರೂಪ ‘ಎಂಥೂಸಿಯಾಸಂ’ ಇಂದು ಬರಿಯ ಉತ್ಸಾಹವಾಗಿ ಮರ್ಯಾದೆ ಗಳಿಸಿದೆ. ನಮ್ಮ ‘ಆವೇಶ’ ಮಾತ್ರ ಸಿಟ್ಟಿನ ಭಾಷಣದ ಜತೆ ಸೇರಿಕೊಂಡಿತು. ಪವಿತ್ರಾತ್ಮನ ಪ್ರೇರಣೆಯ ಬಗ್ಗೆ ಬರೆಯುವವರು ಅದನ್ನು ಮುಟ್ಟುವುದಿಲ್ಲ, ಸರಿಯೇ.

ಭಾವದ ಬಗೆಗಿನ ಅನುಮಾನಕ್ಕೆ ದೊಡ್ಡ ಪರಂಪರೆಯೇ ಇದೆ. ಪ್ರಾಚೀನ ಕ್ರೈಸ್ತ ಚಿಂತಕ ಅಗಸ್ಟೀನನು ತನ್ನ ‘ಆತ್ಮನಿವೇದನೆ’ ಗ್ರಂಥದ ಹತ್ತನೆಯ ಭಾಗದಲ್ಲಿ, ಹಾಡಿನ ವಿಷಯಕ್ಕಿಂತ ಹಾಡುವಿಕೆಯೇ ತನ್ನನ್ನು ಹೆಚ್ಚು ಕಲಕಿದಾಗ ಅದು ಪಾಪವೆಂದು ಒಪ್ಪಿಕೊಳ್ಳುತ್ತಾನೆ. ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸನು ಕೀರ್ತನೆಗಳನ್ನು ಮಾತಿಗೆ ಹತ್ತಿರವಾದ ಏರಿಳಿತದಲ್ಲಿ ಓದಿಸುತ್ತಿದ್ದದ್ದನ್ನೂ ನೆನೆಯುತ್ತಾನೆ. ಆದರೆ ತಾನು ನಂಬಿಕೆಗೆ ಮರಳಿದ ಹೊಸತರಲ್ಲಿ ಅದೇ ಹಾಡುಗಳಿಗೆ ಕಣ್ಣೀರು ಸುರಿಸಿದ್ದನ್ನು ಮರೆಯಲಾರ. ಕೊನೆಗೆ ಹಾಡಿನ ಪದ್ಧತಿಯನ್ನು ಒಪ್ಪುವ ಕಡೆಗೇ ವಾಲುತ್ತಾನೆ.

1746ರಲ್ಲಿ ಅಮೆರಿಕದ ಧರ್ಮಬೋಧಕ ಜೊನಾಥನ್ ಎಡ್ವರ್ಡ್ಸ್ ಇದನ್ನೇ ವಿಸ್ತಾರವಾಗಿ ಬಿಡಿಸಿದ. ಅವನ ಲೆಕ್ಕದಲ್ಲಿ ‘ಪ್ಯಾಷನ್’ ಥಟ್ಟನೆ ಬಂದು ಮನಸ್ಸನ್ನು ಮೀರಿ ಹೋಗುವಂಥದ್ದು. ‘ಅಫೆಕ್ಷನ್’ ಎಂದರೆ ಆತ್ಮದ ವಾಲುವಿಕೆಯೂ ಸಂಕಲ್ಪವೂ ಚುರುಕಾಗಿ ಕೆಲಸ ಮಾಡುವುದು. ನಿಜವಾದ ಧರ್ಮ ಬಹುಮಟ್ಟಿಗೆ ಇರುವುದು ಈ ಎರಡನೆಯದರಲ್ಲಿ, ಆದರೆ ತಿಳಿವಿನ ಬೆಳಕಿಲ್ಲದ ಕಾವು ಸಾಲದು ಎಂಬುದು ಅವನ ನಿಲುವು.

ಈ ಜೋಡಿಗೆ ಕನ್ನಡದಲ್ಲಿ ಏನನ್ನುವುದು? ಬಂದು ಹೋಗುವ ‘ಸಂಚಾರಿಭಾವ’, ನೆಲೆನಿಲ್ಲುವ ‘ಸ್ಥಾಯಿಭಾವ’ ನೆನಪಾದವು. ಆಕರ್ಷಕವೇನೋ ಹೌದು, ಆದರೆ ರಸಶಾಸ್ತ್ರದಲ್ಲಿ ಅವು ರಂಗ, ಕಾವ್ಯ, ಸಹೃದಯರ ಸಂಬಂಧದ ಪರಿಭಾಷೆ. ಪ್ರಾರ್ಥಿಸುವವನು ಪ್ರೇಕ್ಷಕನಲ್ಲ. ‘ಅನುರಾಗ’ ಶೃಂಗಾರಕ್ಕೆ ವಾಲುತ್ತದೆ. ನಾನು ಸದ್ಯಕ್ಕೆ ‘ಒಲವು’ ಎಂಬಲ್ಲಿ ನಿಂತಿದ್ದೇನೆ. ಅದು ಪ್ರೀತಿಯೂ ಹೌದು, ಒಂದು ಕಡೆಗೆ ವಾಲುವುದೂ ಹೌದು. ಎಡ್ವರ್ಡ್ಸ್ ಕೇಳುವ ಎರಡೂ ಅದರಲ್ಲಿವೆ. ‘ಒಲಿಸು’ವಿನ ಮೂಲಕ ‘ಆರಾಧನೆ’ಯ ಅರ್ಥಕ್ಕೂ ನಂಟು ಸಿಗುತ್ತದೆ. ಸಿನಿಮಾ ಹಾಡುಗಳು ಅದನ್ನು ಎಷ್ಟು ಸವೆಸಿವೆ ಎಂಬುದೊಂದೇ ಅಳುಕು.

ನಿಮ್ಮಿಂದ ತಿಳಿಯಬೇಕಾದದ್ದು ಇಷ್ಟು. ‘ಆರಾಧನೆ’ಯನ್ನು ಹಾಡಿಗೆ ಸೀಮಿತಗೊಳಿಸಿದ ಹಳೆಯ ಬಳಕೆ ಯಾರಿಗಾದರೂ ಬರಹದಲ್ಲಿ ಸಿಕ್ಕಿದೆಯೇ? ‘ಪ್ಯಾಷನ್’ಗೆ ‘ಉದ್ವೇಗ’ ಸಾಕೇ, ಅಥವಾ ಅದರಲ್ಲಿ ಆತಂಕದ ವಾಸನೆ ಹೆಚ್ಚಾಯಿತೇ? ಹಾಗೆಯೇ, ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೆಯ ಅಧ್ಯಾಯದಲ್ಲಿ ‘ಆತ್ಮದಿಂದಲೂ ಹಾಡುವೆ, ನೂಸ್‌ನಿಂದಲೂ ಹಾಡುವೆ’ ಎಂಬ ಅರ್ಥದ ಮಾತು ಬರುತ್ತದೆ (‘ನೂಸ್’ ಎಂದರೆ ಗ್ರೀಕಿನಲ್ಲಿ ಅರಿಯುವ ಶಕ್ತಿ). ‘ಲೇವ್’ಗೆ ಮನಸ್ಸನ್ನು ಕೊಟ್ಟುಬಿಟ್ಟರೆ ಈ ‘ನೂಸ್’ಗೆ ‘ಬುದ್ಧಿ’ ಎನ್ನಬಹುದೇ, ‘ತಿಳಿವು’ ಹೆಚ್ಚು ಹೊಂದುತ್ತದೆಯೇ?