ಹೈಡೆಗ್ಗರ್ ಮೇಲೆ ಎಂಎ ಪ್ರಬಂಧ: ಆರು ತಿಂಗಳಲ್ಲಿ ಓದುವುದು ಹೇಗೆ?

ಪ್ರಶ್ನೆ: ತತ್ತ್ವಶಾಸ್ತ್ರ ಎಂಎ ಕೊನೆಯ ವರ್ಷ. ಜರ್ಮನ್ ತತ್ತ್ವಜ್ಞಾನಿ ಹೈಡೆಗ್ಗರನ ‘ಬೀಯಿಂಗ್ ಅಂಡ್ ಟೈಮ್’ (1927) ಮೇಲೆ ಪ್ರಬಂಧ ಬರೆಯಬೇಕು. ಆರು ತಿಂಗಳಿದೆ, ಜರ್ಮನ್ ಬರುವುದಿಲ್ಲ. ಎಲ್ಲಿಂದ ಹಿಡಿಯಬೇಕು, ಎಲ್ಲಿ ಎಡವುತ್ತಾರೆ? ಓದಿದವರು, ಪಾಠ ಹೇಳಿದವರು ತಿಳಿಸಿ.

— ಮೊದಲು ಲೆಕ್ಕ. ಒಟ್ಟು 83 ಸೆಕ್ಷನ್‌ಗಳು: 1–8 ಪೀಠಿಕೆ, 9–44 ಮೊದಲ ವಿಭಾಗ, 45–83 ಎರಡನೆಯದು. ವಾರಕ್ಕೆ ನಾಲ್ಕರಂತೆ 44ರವರೆಗೆ 11 ವಾರ, ಅಲ್ಲಿಂದ 65ರವರೆಗೆ 5 ವಾರ, ಉಳಿದ 10 ವಾರ ಬರವಣಿಗೆಗೆ. ಪೀಠಿಕೆಯಲ್ಲೇ ಸಿಕ್ಕಿಕೊಂಡು ತಿಂಗಳು ಕಳೆಯುವವರು ಬಹಳ. ಮುಂದೆ ದುಡಿದು ಗಳಿಸಬೇಕಾದ್ದನ್ನು ಅದು ಮೊದಲೇ ಹೇಳಿಬಿಡುತ್ತದೆ, ಆದ್ದರಿಂದ ಅರ್ಥವಾಗದಿರುವುದು ಸಹಜ. ಒಮ್ಮೆ ಓದಿ ದಾಟಿ. 44 ಮುಗಿದ ಮೇಲೆ ವಿಧಾನದ ಬಗ್ಗೆ ಹೇಳುವ 7ನೇ ಸೆಕ್ಷನ್ನಿಗೆ ವಾಪಸ್ ಬನ್ನಿ.

ನಿಧಾನಿಸಬೇಕಾದ್ದು 14–18ರಲ್ಲಿ. ಸುತ್ತಿಗೆ ಕೈಯಲ್ಲಿ ಸಲೀಸಾಗಿ ಆಡುವಾಗ ಗಮನ ಅದರ ಮೇಲಿರುವುದಿಲ್ಲ, ಕೆಲಸದ ಮೇಲಿರುತ್ತದೆ. ಅದು ಕೆಟ್ಟಾಗ, ಬೇಕಾದಾಗ ಸಿಗದಿದ್ದಾಗ, ಬೇರೇನೋ ಅಡ್ಡ ಬಂದಾಗ ಚಿತ್ರ ಬದಲಾಗುತ್ತದೆ. 16ನೇ ಸೆಕ್ಷನ್ ಈ ಮೂರನ್ನೂ ಬೇರೆ ಬೇರೆಯಾಗಿ ಬಿಡಿಸುತ್ತದೆ. ಪ್ರಬಂಧಗಳಲ್ಲಿ ಮೂರೂ ‘ಮುರಿದ ಸುತ್ತಿಗೆ’ಯಲ್ಲಿ ಕರಗಿಹೋಗುತ್ತವೆ. ಆಗ ಜಗತ್ತು ಬೆಳಕಿಗೆ ಬರುವ ಬಗೆಯ ಕುರಿತ ವಾದದ ಬಿಗಿಯೂ ಹೋಗುತ್ತದೆ.

— 65ರ ಮಾತಿಗೆ ಒತ್ತು ಕೊಡುತ್ತೇನೆ. ಅಮೆರಿಕದ ತತ್ತ್ವಜ್ಞಾನಿ ಹ್ಯೂಬರ್ಟ್ ಡ್ರೈಫಸ್ 1991ರಲ್ಲಿ ತಂದ ವ್ಯಾಖ್ಯಾನ ಬಹುಪಾಲು ಮೊದಲ ವಿಭಾಗದ್ದು. ಅದರ ಕೈಹಿಡಿದವರು 44ಕ್ಕೇ ನಿಂತುಬಿಡುತ್ತಾರೆ, ಹೈಡೆಗ್ಗರ್ ದಿನಬಳಕೆಯ ಕೌಶಲದ ತತ್ತ್ವಜ್ಞಾನಿಯಾಗಿ ಉಳಿಯುತ್ತಾನೆ. 41ರಲ್ಲಿ ಡಾಸೈನ್‌ನ (ತನ್ನ ಇರವನ್ನೇ ಪ್ರಶ್ನಿಸಬಲ್ಲ ಮನುಷ್ಯನಿಗೆ ಅವನಿಟ್ಟ ಹೆಸರು) ಇರವನ್ನು ‘ಕಾಳಜಿ’ ಎಂದವನು ಅದರ ಅರ್ಥ ಕಾಲಿಕತೆ (ಹಿಂದು, ಇಂದು, ಮುಂದುಗಳಿಗೆ ಒಟ್ಟಿಗೇ ಚಾಚಿಕೊಂಡಿರುವುದು) ಎಂದು ತೋರಿಸುವುದು 65ರಲ್ಲಿ. ಸಮಯ ಸಾಲದಿದ್ದರೆ 78–83 ಬಿಡಿ. ಸಾವಿನ ಕುರಿತ 46–53 ಬಿಡಬೇಡಿ.

— ಅನುವಾದ ಒಂದನ್ನೇ ಹಿಡಿಯಿರಿ. ಮ್ಯಾಕ್ವಾರಿ–ರಾಬಿನ್ಸನ್ (1962) ಅಥವಾ ಸ್ಟಾಂಬಾ ಅನುವಾದವನ್ನು ಡೆನಿಸ್ ಸ್ಮಿತ್ ಪರಿಷ್ಕರಿಸಿದ 2010ರ ಆವೃತ್ತಿ. ಎರಡರ ಪರಿಭಾಷೆ ಬೇರೆ; ಒಂದೇ ಪುಟದಲ್ಲಿ ಎರಡನ್ನೂ ಉದ್ಧರಿಸಿದರೆ ಒಂದು ಪರಿಕಲ್ಪನೆ ಎರಡಾಗಿ ಕಾಣುತ್ತದೆ. ಉಲ್ಲೇಖಕ್ಕೆ ಅಂಚಿನಲ್ಲಿರುವ ಜರ್ಮನ್ ಪುಟಸಂಖ್ಯೆ ಕೊಡಿ, ಪರೀಕ್ಷಕರ ಬಳಿ ಯಾವ ಆವೃತ್ತಿ ಇದ್ದರೂ ಜಾಗ ಸಿಗುತ್ತದೆ. ಜರ್ಮನ್ ಬರದಿದ್ದರೂ ಮುಖ್ಯವಾದ ಮೂವತ್ತು ನಲವತ್ತು ಪದಗಳ ಪಟ್ಟಿ ಬೇಕೇಬೇಕು: ಪದ, ಮೊದಲು ಬಂದ ಸೆಕ್ಷನ್, ಅರ್ಥ ಹೊರಳಿದ ಸೆಕ್ಷನ್. ಮ್ಯಾಕ್ವಾರಿ–ರಾಬಿನ್ಸನ್ ಕೊನೆಯ ಪದಕೋಶ ಇದಕ್ಕೆ ಆಧಾರ.

— ಉಪನ್ಯಾಸಗಳನ್ನು ಯಾರೂ ಹೇಳಲಿಲ್ಲ. 7ನೇ ಸೆಕ್ಷನ್ ಬಿಗಿಯಾಗಿರುವುದು ಹುಸೆರ್ಲ್ (ಅನುಭವವನ್ನು ಅದು ತೋರುವಂತೆಯೇ ವಿವರಿಸುವ ಫಿನಾಮಿನಾಲಜಿಯ ಸ್ಥಾಪಕ) ಓದುಗರಿಗೆ ಗೊತ್ತಿದ್ದಾನೆ ಎಂದು ಅದು ನಂಬಿರುವುದರಿಂದ. 1925ರ ಮಾರ್ಬರ್ಗ್ ಉಪನ್ಯಾಸದ (ಸಮಗ್ರ ಕೃತಿಗಳ 20ನೇ ಸಂಪುಟ) ಮೊದಲ ಭಾಗ ಹುಸೆರ್ಲನ ಇಂಟೆನ್ಶನ್ಯಾಲಿಟಿಯನ್ನು (ಅರಿವು ಯಾವಾಗಲೂ ಯಾವುದೋ ಒಂದರ ಕಡೆಗಿರುತ್ತದೆ ಎಂಬುದನ್ನು) ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳುತ್ತದೆ. ಎರಡು ವಾರ ಅದಕ್ಕೆ ಕೊಡಿ, ಓದು ಹಗುರಾಗುತ್ತದೆ. ಯೋಜಿಸಿದ ಆರು ವಿಭಾಗಗಳಲ್ಲಿ ಅಚ್ಚಾದದ್ದು ಎರಡೇ (ನಕ್ಷೆ 8ನೇ ಸೆಕ್ಷನ್ನಿನಲ್ಲಿದೆ). ಮೂರನೆಯದು ಏನಾಗುತ್ತಿತ್ತು ಎಂಬ ಕುತೂಹಲಕ್ಕೆ 1927ರ ಬೇಸಿಗೆಯ ಉಪನ್ಯಾಸ, 24ನೇ ಸಂಪುಟ.

— ನಮ್ಮ ವಿಭಾಗಗಳಲ್ಲಿ ‘ಹೈಡೆಗ್ಗರ್ ಮತ್ತು ಶಂಕರ’ ಎಂಬ ವಿಷಯ ಸುಲಭವಾಗಿ ಒಪ್ಪಿಗೆಯಾಗುತ್ತದೆ, ಅಷ್ಟೇ ಸುಲಭವಾಗಿ ಕುಸಿಯುತ್ತದೆ. ಇರವು ಎಂದರೆ ಪ್ರತಿ ಸಲವೂ, ಇರುವಂಥ ಯಾವುದೋ ಒಂದರ ಇರವು ಎಂದು ಹೈಡೆಗ್ಗರ್ ಆರಂಭದಲ್ಲೇ (ಪುಟ 9) ಹೇಳುತ್ತಾನೆ. ಅದ್ವೈತದ ಬ್ರಹ್ಮ ಯಾವ ವಸ್ತುವಿಗೂ ಸೇರಿದ್ದಲ್ಲ. ಈ ಭೇದ ಎದುರಿಸದ ಹೋಲಿಕೆಯಲ್ಲಿ ವಾದವೇ ಇರುವುದಿಲ್ಲ. ಹೋಲಿಸಲೇಬೇಕೆಂದರೆ ಕಾಶಿಯ ತತ್ತ್ವಜ್ಞಾನಿ ಜೆ. ಎಲ್. ಮೆಹ್ತಾ ಹೈಡೆಗ್ಗರ್ ಬಗ್ಗೆ ಬರೆದದ್ದನ್ನು ಮೊದಲು ಓದಿ. ಎಂಎ ಮಟ್ಟಕ್ಕೆ ಸಣ್ಣ ಪ್ರಶ್ನೆಯೇ ಲೇಸು: 40ನೇ ಸೆಕ್ಷನ್ನಿನ ಉದ್ವಿಗ್ನತೆಯ ವಾದ ನಿಲ್ಲಲು 27ರಲ್ಲಿ ಬರುವ ‘ಜನ’ದ (‘ಜನ ಹೀಗೆ ಮಾಡುತ್ತಾರೆ’ ಎನ್ನುವಾಗಿನ, ಇಂಥವರೆಂದಿಲ್ಲದ ಜನ) ವಿಶ್ಲೇಷಣೆ ಬೇಕೇ? ಇಷ್ಟೇ ಸಾಕು. ಬರೆಯುವಾಗ ಅವನ ನುಡಿಗಟ್ಟನ್ನೇ ಮರಳಿ ಹೆಣೆಯಬೇಡಿ. ‘ಡಾಸೈನ್’ ಪದ ಬಳಸದೆ ಹೇಳಲಾಗದ ವಾಕ್ಯ ನಿಮಗಿನ್ನೂ ಅರ್ಥವಾಗಿಲ್ಲ.

— ಮೌಖಿಕ ಪರೀಕ್ಷೆಯಲ್ಲಿ ರಾಜಕೀಯದ ಪ್ರಶ್ನೆ ಬರಬಹುದು, ಬರಬೇಕು ಕೂಡ. ಹೈಡೆಗ್ಗರ್ 1933ರ ಏಪ್ರಿಲ್‌ನಲ್ಲಿ ಫ್ರೈಬರ್ಗ್ ವಿಶ್ವವಿದ್ಯಾಲಯದ ರೆಕ್ಟರ್ (ಮುಖ್ಯಸ್ಥ) ಆದ, ಮೇನಲ್ಲಿ ನಾಜಿ ಪಕ್ಷ ಸೇರಿದ. ಮರುವರ್ಷ ಹುದ್ದೆ ಬಿಟ್ಟರೂ ಸದಸ್ಯತ್ವ 1945ರವರೆಗೆ ಇತ್ತು. 2014ರಿಂದ ಅಚ್ಚಾದ ಅವನ ಟಿಪ್ಪಣಿಗಳಾದ ‘ಕಪ್ಪು ನೋಟ್‌ಬುಕ್’ಗಳಲ್ಲಿ ಯೆಹೂದಿ ದ್ವೇಷದ ಸಾಲುಗಳಿವೆ. ಅಡಿಟಿಪ್ಪಣಿಯಲ್ಲಿ ಮುಗಿಸಬೇಡಿ. ಜನಸಮುದಾಯದ ವಿಧಿಯ ಬಗ್ಗೆ ಮಾತಾಡುವ 74ನೇ ಸೆಕ್ಷನ್ (ಪುಟ 382–387) ಓದಿ, ನಿಮ್ಮ ವಾದ ಅದನ್ನು ನೆಚ್ಚಿದೆಯೇ ಇಲ್ಲವೇ ಎಂಬುದನ್ನು ಪೀಠಿಕೆಯಲ್ಲೇ ಒಂದು ಪ್ಯಾರಾದಲ್ಲಿ ಬರೆದುಬಿಡಿ.